ಮಿಹ್ರಾನ್ ಕಲ್ಪಾಕ್ಯಾನನ ನೂರ ಮೂವತ್ತೆಂಟನೇ ಸಾವು

ಮಿಹ್ರಾನ್ ಕಲ್ಪಾಕ್ಯಾನ್ ಮೊದಲ ಸಲ ಸತ್ತದ್ದು 1950ರ ಮಾರ್ಚ್ ತಿಂಗಳ ಒಂದು ಮಂಗಳವಾರ, ಬೆಳಗ್ಗೆ ಹನ್ನೊಂದು ಗಂಟೆಗೆ. ಹನ್ನೆರಡೂವರೆಗೆ ಎದ್ದು ಊಟಕ್ಕೆ ಹೋದ. ಬ್ಯಾಂಕ್ ದರೋಡೆಕೋರರಲ್ಲಿ ಮೂರನೆಯವನ ಪಾತ್ರ. ಮಾತು ಒಂದೇ, 'ಕುದುರೆ ಎಲ್ಲಿ?' ಉತ್ತರ ಬರುವ ಮೊದಲೇ ಗುಂಡು ಬಂತು.

ಮುಂದಿನ ಇಪ್ಪತ್ತೇಳು ವರ್ಷಗಳಲ್ಲಿ ಅವನು ಇನ್ನೂ ನೂರ ಮೂವತ್ತಾರು ಸಲ ಸತ್ತ. ಸ್ಟುಡಿಯೋಗಳ ಹತ್ತಿರದ ವ್ಯಾನ್ ನೈಸ್‌ನ ಅವನ ಮನೆಯಲ್ಲಿ ಒಲೆಯ ಪಕ್ಕ ಒಂದು ತಗಡಿನ ಡಬ್ಬಿ ಇತ್ತು. ಬೇರೆಯವರ ಮನೆಯಲ್ಲಿ ಅಂಥ ಡಬ್ಬಿಯೊಳಗೆ ಅಡುಗೆಯ ವಿಧಾನ ಬರೆದ ಚೀಟಿಗಳಿರುತ್ತವೆ. ಅವನ ಡಬ್ಬಿಯಲ್ಲಿ ಸಾವಿಗೊಂದು ಚೀಟಿ. ಎಲ್ಲಿ ಸತ್ತೆ, ಯಾರು ಕೊಂದರು, ಯಾವುದರಿಂದ, ಎಷ್ಟನೇ ನಿಮಿಷದಲ್ಲಿ. ಗುಂಡಿನಿಂದ ಎಂಬತ್ತೊಂದು, ಚಾಕುವಿನಿಂದ ಇಪ್ಪತ್ತಾರು, ನೇಣು ಒಂಬತ್ತು. ಒಂದು ಚೀಟಿಯಲ್ಲಿ 'ಸಿಂಹ' ಎಂದಷ್ಟೇ ಇದೆ. ಸಿಂಹಕ್ಕೆ ಹಲ್ಲಿರಲಿಲ್ಲ, ಬಾಯಿ ಮಾತ್ರ ಬಹಳ ನಾರುತ್ತಿತ್ತು ಎಂದು ಹೇಳುತ್ತಿದ್ದ.

ದಪ್ಪ ಹುಬ್ಬು, ಬಾಗಿದ ಮೂಗು, ಯಾವ ದೇಶಕ್ಕೂ ಸಲ್ಲುವ ಮೈಬಣ್ಣ. ಮೀಸೆ ಬದಲಾಯಿಸಿದರೆ ಮೆಕ್ಸಿಕೋದ ಡಕಾಯಿತ, ಗ್ರೀಸಿನ ಕಳ್ಳಸಾಗಣೆಗಾರ, ರಷ್ಯಾದ ಗೂಢಚಾರ. ಒಮ್ಮೆ ಸುಲ್ತಾನನ ತುರ್ಕಿ ಕಾವಲುಗಾರನೂ ಆಗಿದ್ದ. ಆ ಸಂಗತಿಯನ್ನು ಫ್ರೆಸ್ನೊದಲ್ಲಿದ್ದ ತಾಯಿಗೆ ಹೇಳಲೇ ಇಲ್ಲ. ತುರ್ಕರು ತನ್ನ ಜನರನ್ನು ಕೊಂದದ್ದನ್ನು ಮರೆಯದ ಅರ್ಮೇನಿಯದ ತಾಯಿಗೆ ಅಂಥದ್ದನ್ನು ಹೇಳುವುದಕ್ಕಾಗುವುದಿಲ್ಲ. ಚೀಟಿಯಲ್ಲಿ ಮಾತ್ರ 'ಸಂತೋಷದಿಂದ ಸತ್ತೆ' ಎಂದು ಬರೆದಿಟ್ಟ.

ಪಾತ್ರ ಹಂಚುವವರಿಗೆ ಅವನು ಅಚ್ಚುಮೆಚ್ಚು. ಸಾಯುವುದಕ್ಕೆ ಗಲಾಟೆ ಮಾಡುತ್ತಿರಲಿಲ್ಲ. ಎದೆ ಹಿಡಿದುಕೊಂಡು ಮೂರು ಸುತ್ತು ತಿರುಗುವ ನಟರು ಆಗ ಬಹಳ. ಮಿಹ್ರಾನ್ ದೀಪ ಆರಿದ ಹಾಗೆ ಬೀಳುತ್ತಿದ್ದ. ಬಿದ್ದ ಮೇಲೆ ಅಲ್ಲಾಡುತ್ತಿರಲಿಲ್ಲ. ಅವನಿಗೊಂದೇ ನಿಯಮ: ನಿರ್ದೇಶಕ 'ಕಟ್' ಎನ್ನುವವರೆಗೆ ಸತ್ತವನು ಸತ್ತವನೇ.

1958ರಲ್ಲಿ ಮೊಹಾವಿ ಮರುಭೂಮಿಯಲ್ಲಿ ಈ ನಿಯಮದ ಪರೀಕ್ಷೆ ಆಯಿತು. ಅವನು ಸತ್ತು ಬಿದ್ದ ಜಾಗದಲ್ಲಿ ಕೆಂಪಿರುವೆಯ ಗೂಡಿತ್ತು. ಅಷ್ಟರಲ್ಲಿ ನಿರ್ದೇಶಕನಿಗೂ ನಿರ್ಮಾಪಕನಿಗೂ ಕುದುರೆಗಳ ವಿಷಯದಲ್ಲಿ ಜಗಳ ಹತ್ತಿತು. ಇಬ್ಬರೂ ಕೂಗಾಡುತ್ತ ಗುಡ್ಡದ ಆಚೆ ಹೋದರು. ಕಟ್ ಹೇಳುವುದನ್ನು ಮರೆತರು. ನಲವತ್ತು ನಿಮಿಷದ ನಂತರ ವಾಪಸು ಬಂದಾಗ ಮಿಹ್ರಾನ್ ಅಲ್ಲೇ ಇದ್ದ. ಕಿವಿ ಟೊಮೇಟೊ ಆಗಿತ್ತು. "ಎದ್ದು ಬರಬಾರ್ದಿತ್ತೇನಯ್ಯಾ?" ಎಂದು ನಿರ್ದೇಶಕ ಕೇಳಿದ. "ನೀವು ಹೇಳ್ಲಿಲ್ವಲ್ಲ ಸಾರ್," ಎಂದ ಮಿಹ್ರಾನ್. ಈ ಕತೆ ಊರೆಲ್ಲ ಹರಡಿತು. ಕೆಲಸ ಇನ್ನೂ ಹೆಚ್ಚಾಯಿತು.

ಅವನಿಗಿದ್ದ ಒಂದೇ ಕೊರಗು ತಾಯಿಯದು. ಫ್ರೆಸ್ನೊದಲ್ಲಿ ಒಣದ್ರಾಕ್ಷಿ ತುಂಬುವ ಶೆಡ್ಡಿನಲ್ಲಿ ಮೂವತ್ತು ವರ್ಷ ದುಡಿದ ಅರಾಕ್ಸಿ ಕಲ್ಪಾಕ್ಯಾನ್, ಮಗ ನಟಿಸಿದ್ದನ್ನೆಲ್ಲ ಟೀವಿಯಲ್ಲಿ ನೋಡುತ್ತಿದ್ದಳು. ಜೊತೆಗೆ ಪಕ್ಕದ ಮನೆಯ ಸಿರ್ವಾರ್ಡ್. ಮಗ ಸಾಮಾನ್ಯವಾಗಿ ಮೊದಲ ಜಾಹೀರಾತಿಗೆ ಮುಂಚೆಯೇ ತೀರಿಕೊಳ್ಳುತ್ತಿದ್ದ. ಆದರೂ ಮುದುಕಿ ಕೊನೆಯವರೆಗೆ ಕೂತಿರುತ್ತಿದ್ದಳು, ಹೆಸರುಗಳ ಪಟ್ಟಿಗಾಗಿ. ಸಾಯುವವರ ಹೆಸರು ಬರುವುದು ತೀರ ಕೊನೆಗೆ, ಗುಂಪಿನಲ್ಲಿ, ಓಡುತ್ತ. ಅವಳು ಕುರ್ಚಿಯನ್ನು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಎಳೆದುಕೊಳ್ಳುತ್ತಿದ್ದಳು.

"ಕಲ್ಪಾ ತನಕ ಓದ್ದೆ ಕಣೋ, ಅಷ್ಟರಲ್ಲಿ ಹೋಯ್ತು," ಎಂದು ಫೋನಿನಲ್ಲಿ ಹೇಳುತ್ತಿದ್ದಳು. "ಆ ಸಿರ್ವಾರ್ಡ್ ಇದಾಳಲ್ಲ, ಅವಳು ಅಂತಾಳೆ ಅದು ಕಲ್ಪಾಕ್ಯಾನ್ ಅಲ್ಲ, ಕೆಲ್ಲಿ ಅಂತೆ. ಅವಳ ಮಗ ಹಲ್ಲಿನ ಡಾಕ್ಟ್ರು. ಅವನ ಹೆಸರು ಬಾಗಿಲ ಮೇಲೆ ನಿಂತ್ಕೊಂಡಿರತ್ತೆ. ಎಷ್ಟು ಹೊತ್ತು ಬೇಕಾದ್ರೂ ಓದ್ಬಹುದು."

"ಅಮ್ಮಾ, ಹೆಸರು ನಿಲ್ಸೋದು ನನ್ನ ಕೈಲಿಲ್ಲ."

"ಯಾರ ಕೈಲಿದೆ? ಅವರನ್ನ ಕೇಳು."

ಪ್ರತಿ ಜನವರಿ ಆರಕ್ಕೆ, ಅವರ ಕ್ರಿಸ್ಮಸ್‌ಗೆ, ಅವಳು ಕೈಯಲ್ಲೇ ಹೆಣೆದ ಆರು ಜೊತೆ ಕಂದು ಕಾಲುಚೀಲ ಕಳಿಸುತ್ತಿದ್ದಳು. ಮಿಹ್ರಾನ್ ಮದುವೆಯಾಗಿರಲಿಲ್ಲ. ಚೀಲಗಳನ್ನು ತೂತು ಬೀಳುವವರೆಗೂ ಹಾಕುತ್ತಿದ್ದ, ತೂತು ಬಿದ್ದ ಮೇಲೂ ಹಾಕುತ್ತಿದ್ದ.

ಹೆಸರು ಯಾರ ಕೈಲಿದೆ ಎಂಬುದು ಅವನಿಗೆ ಗೊತ್ತಿತ್ತು. ನಿರ್ದೇಶಕನ ಹೆಸರು ಮೊದಲಲ್ಲೇ, ಒಂಟಿಯಾಗಿ ಬಂದು ನಿಲ್ಲುತ್ತದೆ. ಅದರ ಮೇಲೆ ಕೆಳಗೆ ಬೇರೆ ಯಾರೂ ಇರುವಂತಿಲ್ಲ, ಅದು ನಿರ್ದೇಶಕರ ಸಂಘ ಹೊಡೆದಾಡಿ ಗಳಿಸಿಕೊಂಡ ಹಕ್ಕು.

1977ರಲ್ಲಿ 'ಹನ್ನೊಂದನೇ ಧಕ್ಕೆ' ಎಂಬ, ಬಂದರಿನಲ್ಲಿ ನಡೆಯುವ ಪೊಲೀಸ್ ಧಾರಾವಾಹಿಯಲ್ಲಿ ಅವನು ಐದನೇ ಸಲ ಕೊಲೆಯಾದ. ಆಗ ಅಯೋವಾದ ಒಬ್ಬ ಹೆಂಗಸು ನಿರ್ಮಾಪಕರಿಗೆ ಕಾಗದ ಬರೆದಳು. 'ಈ ಮನುಷ್ಯನನ್ನು ನೀವು ಅಕ್ಟೋಬರಿನಲ್ಲೇ ಸಮುದ್ರಕ್ಕೆ ಎಸೆದಿದ್ದಿರಿ. ಈಗ ಹೇಗೆ ಬಂದ? ನಿಮ್ಮ ಪೊಲೀಸರು ಏನು ಮಾಡುತ್ತಿದ್ದಾರೆ?'

ನಿರ್ಮಾಪಕ ಮಾರ್ಟಿ ಫೈಗನ್‌ಬಾಮ್, ಕುಳ್ಳಗಿನ, ಸದಾ ಎದೆಯುರಿಯ ಮಾತ್ರೆ ಜಗಿಯುವ ಮನುಷ್ಯ, ಅವನನ್ನು ಕರೆಸಿದ.

"ಮಿಹ್ರಾನ್, ಇನ್ಮೇಲೆ ನಿನ್ನ ಸಾಯ್ಸಕ್ಕಾಗಲ್ಲ ಕಣಯ್ಯಾ. ಜನಕ್ಕೆ ಗುರ್ತು ಸಿಕ್ಬಿಟ್ಟಿದೆ."

"ಹಾಗಾದ್ರೆ ಬದುಕಿರೋ ಪಾತ್ರ ಕೊಡಿ."

"ಈ ಮುಖಕ್ಕಾ?" ಎಂದ ಮಾರ್ಟಿ, ಸಂಕಟದಿಂದಲೇ.

ಮಿಹ್ರಾನ್ ಎದ್ದು ಹೋಗಲಿಲ್ಲ. "ಒಂದು ಕಂತು ನಿರ್ದೇಶನ ಮಾಡ್ತೀನಿ," ಎಂದ.

"ನಿನಗೇನು ಗೊತ್ತು ನಿರ್ದೇಶನ?"

"ನಲವತ್ತು ಜನ ನಿರ್ದೇಶಕರನ್ನ ಕೆಳಗಿಂದ ನೋಡಿದೀನಿ ಮಾರ್ಟಿ. ನಿಂತಿರೋರ ಮುಂದೆ ಅವರು ಗತ್ತು ಮಾಡ್ತಾರೆ. ಹೆಣದ ಮುಂದೆ ಯಾರೂ ಮಾಡಲ್ಲ. ಯಾರಿಗೆ ಕೆಲಸ ಬರತ್ತೆ, ಯಾರಿಗೆ ಬರಲ್ಲ, ಎಲ್ಲಾ ಗೊತ್ತು ನನಗೆ."

ಮಾರ್ಟಿ ನಕ್ಕು ಕಳಿಸಿಬಿಟ್ಟ. ಆದರೆ ನವೆಂಬರಿನ ಒಂದು ಶುಕ್ರವಾರ, ಮುಂದಿನ ಕಂತಿಗೆ ಗೊತ್ತಾಗಿದ್ದ ನಿರ್ದೇಶಕ ಹಿಮದಲ್ಲಿ ಜಾರಾಟ ಆಡಲು ಹೋಗಿ ಕಾಲು ಮುರಿದುಕೊಂಡ. ಸೋಮವಾರ ಚಿತ್ರೀಕರಣ. ಮಾರ್ಟಿ ಹನ್ನೊಂದು ಜನಕ್ಕೆ ಫೋನ್ ಮಾಡಿದ. ಹನ್ನೆರಡನೆಯವನು ಮಿಹ್ರಾನ್.

"ಏಳು ದಿನ," ಎಂದ ಮಾರ್ಟಿ. "ಏಳನೇ ದಿನ ಸಂಜೆ ಆರು ಗಂಟೆಗೆ ಮುಗೀಬೇಕು. ಮುಗೀಲಿಲ್ವೋ, ಎಂಟನೇ ದಿನ ಇನ್ನೊಬ್ಬ ಬಂದು ಮುಗಿಸ್ತಾನೆ. ಹೆಸರೂ ಅವನದ್ದೇ ಹಾಕ್ತೀನಿ. ಸಂಘಕ್ಕೆ ದೂರು ಕೊಡಲ್ಲ ಅಂತ ಮೊದ್ಲೇ ಮಾತು ಕೊಡು."

ಮಿಹ್ರಾನ್ ಮಾತು ಕೊಟ್ಟ. ಕೂಡಲೇ ಫ್ರೆಸ್ನೊಗೆ ಫೋನ್ ಮಾಡಿದ. ಇದು ಮೊದಲನೇ ತಪ್ಪು. ಆ ಭಾನುವಾರದ ಪೂಜೆ ಮುಗಿಯುವಷ್ಟರಲ್ಲಿ ಅಲ್ಲಿನ ಅರ್ಮೇನಿಯನ್ ಚರ್ಚಿನ ಅಷ್ಟೂ ಹೆಂಗಸರಿಗೆ ವಿಷಯ ತಿಳಿದಿತ್ತು.

"ಈ ಸಲ ಸಾಯಲ್ಲ ತಾನೆ?" ಎಂದು ತಾಯಿ ಕೇಳಿದಳು.

"ಇಲ್ಲಮ್ಮಾ. ಈ ಸಲ ನಿಂತ್ಕೊಂಡಿರ್ತೀನಿ."

ಎರಡನೇ ತಪ್ಪು ಸೋಮವಾರ ಶುರುವಾಗಿ ಐದು ದಿನ ನಡೆಯಿತು. ಅವನು ಸಣ್ಣ ಪಾತ್ರದವರನ್ನು ಮನುಷ್ಯರಂತೆ ನಡೆಸಿಕೊಂಡ. 'ಕಾಫಿ ಬೇಕಾ?' ಎಂಬ ಒಂದೇ ಮಾತಿನ ಹೋಟೆಲ್ ಮಾಣಿಯನ್ನು ಕೂರಿಸಿಕೊಂಡು, ಈ ಮಾಣಿಗೆ ಮಕ್ಕಳೆಷ್ಟು, ಕಾಲುನೋವು ಇದೆಯೇ ಎಂದು ಚರ್ಚಿಸಿದ. ಗುಂಡು ತಿಂದು ಬೀಳುವವನ ತಲೆಯಡಿಗೆ, ಕ್ಯಾಮೆರಾಕ್ಕೆ ಕಾಣದ ಹಾಗೆ, ತನ್ನ ಕೋಟನ್ನೇ ಮಡಚಿ ಇಟ್ಟ. ನಿರ್ದೇಶಕನ ಮೊದಲ ಸಹಾಯಕ, ಎಂದರೆ ಸಮಯದ ಕಾವಲುಗಾರ, ಬಡ್ ಓಸ್ಟರ್‌ಹೌಟ್ ಎಂಬ ಆರಡಿ ನಾಲ್ಕಂಗುಲದ ಮನುಷ್ಯ. ಗಡಿಯಾರ ನೋಡುತ್ತ ಅವನು ಮೆಲ್ಲಗೆ ಹಣ್ಣಾದ.

"ಬಾಸ್, ಆ ಮಾಣಿ ಇರೋದು ನಾಲ್ಕು ಸೆಕೆಂಡು."

"ನಾನೂ ನಾಲ್ಕು ಸೆಕೆಂಡಿನವನೇ ಬಡ್. ಅವನಿಗೆ ಇವತ್ತು ರಾತ್ರಿ ನಿದ್ದೆ ಬರ್ಬೇಕು."

ಒಂದೇ ವಿಷಯದಲ್ಲಿ ಅವನಿಗೆ ಕರುಣೆ ಇರಲಿಲ್ಲ. ಹೆಣದ ಮುಂದೆ ನಿಂತು ಯಾರೂ ನಿಧಾನವಾಗಿ ಮಾತಾಡುವಂತಿರಲಿಲ್ಲ. ಇಪ್ಪತ್ತೇಳು ವರ್ಷ ಉಸಿರು ಬಿಗಿಹಿಡಿದು, ಪತ್ತೇದಾರರು ತಡೆ ತಡೆದು ಆಡುವ ಮಾತನ್ನು ಕೇಳಿ ಅವನಿಗೆ ಸಾಕಾಗಿತ್ತು. "ಬೇಗ, ಬೇಗ ಹೇಳಿ, ಕೆಳಗೊಬ್ಬ ಮಲಗಿದಾನೆ," ಎಂದು ಎಲ್ಲರನ್ನೂ ಓಡಿಸಿದ. ಹೀಗೆ ದೃಶ್ಯಗಳು ಗಿಡ್ಡವಾದವು, ದಿನಗಳು ಮಾತ್ರ ಉದ್ದವಾದವು. ಇದರ ಪರಿಣಾಮ ಆಗ ಯಾರಿಗೂ ಹೊಳೆಯಲಿಲ್ಲ.

ಏಳನೇ ದಿನ ಸಂಜೆ ಐದೂಕಾಲು. ಉಳಿದದ್ದು ಕೊನೆಯ ದೃಶ್ಯ. ಮೀನಿನ ಉಗ್ರಾಣದಲ್ಲಿ ಬಂದರಿನ ಕೂಲಿಯೊಬ್ಬ ಸತ್ತು ಬಿದ್ದಿದ್ದಾನೆ. ಹೆಂಡತಿ ಬರುತ್ತಾಳೆ. ಪತ್ತೇದಾರ ಎರಡು ಮಾತಾಡುತ್ತಾನೆ. ತೆಗೆಯಬೇಕಾದದ್ದು ಮೂರು ಶಾಟು: ಎಲ್ಲರೂ ಕಾಣುವ ಒಂದು, ಹೆಂಡತಿಯ ಮುಖ, ಪತ್ತೇದಾರನ ಮುಖ. ಹೆಂಡತಿಯ ಪಾತ್ರಕ್ಕೆ ಲೊರೇನ್ ಪಿಕೆಟ್, ನಾಟಕರಂಗದಲ್ಲಿ ಪಳಗಿದ ನಲವತ್ತರ ಹೆಂಗಸು. ಪತ್ತೇದಾರ ಧಾರಾವಾಹಿಯ ನಾಯಕ, ಚೆಟ್ ರಾಲಿನ್ಸ್. ಎಲ್ಲರೂ ಸಿದ್ಧ. ಹೆಣ ಇರಲಿಲ್ಲ.

"ಎಲ್ಲಿ ಹೋದ?" ಎಂದ ಮಿಹ್ರಾನ್.

"ಐದಕ್ಕೆ ಹೊರಟ," ಎಂದ ಬಡ್. "ಇನ್ನೊಂದು ಸ್ಟುಡಿಯೋದಲ್ಲಿ ಆರಕ್ಕೆ ನೇಣು ಹಾಕ್ಸಿಕೊಳ್ಬೇಕಂತೆ. ನೀವು ಬೆಳಿಗ್ಗೇನೇ ಮುಗಿಸ್ತೀನಿ ಅಂದಿದ್ರಿ."

ಎಲ್ಲರ ಕಣ್ಣೂ ಮೆಲ್ಲಗೆ ಒಂದೇ ಕಡೆ ತಿರುಗಿತು.

"ಬೇಡ," ಎಂದ ಮಿಹ್ರಾನ್.

"ಬಾಸ್, ನಲವತ್ತು ನಿಮಿಷ ಇದೆ."

"ಅಮ್ಮಂಗೆ ಮಾತು ಕೊಟ್ಟಿದೀನಿ."

"ನಿಮ್ಮಮ್ಮ ಮಾರ್ಟಿನ ನೋಡಿಲ್ಲ," ಎಂದ ಬಡ್. "ಅಯೋವಾದ ಆ ಹೆಂಗಸಿಗೆ ಗುರ್ತು ಸಿಗದ ಹಾಗೆ ಮುಖ ಆ ಕಡೆ ತಿರುಗ್ಸಿ ಮಲಗಿ. ಯಾರೂ ನೋಡಲ್ಲ."

ಮಿಹ್ರಾನ್ ಕೂಲಿಯ ಅಂಗಿ ತೊಟ್ಟುಕೊಂಡ. ಮತ್ತೆ ಫಿಲ್ಮ್ ತುಂಬಿಸುತ್ತ ಕೂರುವಷ್ಟು ಸಮಯವಿಲ್ಲವೆಂದು ಛಾಯಾಗ್ರಾಹಕ ಸಾವಿರ ಅಡಿಯ ದೊಡ್ಡ ಸುರುಳಿಯನ್ನೇ ಹಾಕಿದ. ಹನ್ನೊಂದು ನಿಮಿಷ ಓಡುವಂಥದ್ದು. ಎಲ್ಲವನ್ನೂ ಯೋಚಿಸಿದ್ದರು. ಮಿಹ್ರಾನ್ ನೆಲದ ಮೇಲೆ ಮಲಗಿ, ಕಾಲು ಸರಿಯಾಗಿ ಸೊಟ್ಟ ಮಾಡಿಕೊಂಡು, ಒಂದು ಉಸಿರು ಎಳೆದುಕೊಂಡು, "ಆಕ್ಷನ್" ಎಂದ. ಆಮೇಲೆ ಸತ್ತ.

ಲೊರೇನ್ ಬಂದಳು. ಅವಳ ಮಾತು, ಚೆಟ್‌ನ ಮಾತು, ಎಲ್ಲ ಸೇರಿ ಎರಡು ನಿಮಿಷ. ಚೆನ್ನಾಗಿ ಬಂತು, ಮುಗಿಯಿತು. ಇಬ್ಬರೂ ಕಟ್‌ಗಾಗಿ ಕಾದರು.

ಕಟ್ ಬರಲಿಲ್ಲ.

ಈ ಊರಿನಲ್ಲಿ ಆ ಮಾತನ್ನು ಆಡುವ ಅಧಿಕಾರ ಒಬ್ಬನದ್ದೇ. ನಟರು ನಿಲ್ಲಿಸುವಂತಿಲ್ಲ. ಛಾಯಾಗ್ರಾಹಕ ಕ್ಯಾಮೆರಾ ಆರಿಸುವಂತಿಲ್ಲ. ಬಡ್ 1961ರಲ್ಲಿ ಒಮ್ಮೆ, ಬೆಂಕಿ ಹತ್ತಿತೆಂದು ತಿಳಿದು, ಕಟ್ ಎಂದು ಕೂಗಿದ್ದ. ಬೆಂಕಿ ದೃಶ್ಯದ್ದೇ ಆಗಿತ್ತು. ಏಳು ತಿಂಗಳು ಅವನಿಗೆ ಯಾರೂ ಕೆಲಸ ಕೊಡಲಿಲ್ಲ. ಈಗ ಅವನು ತುಟಿಯನ್ನು ಹಲ್ಲಿನಿಂದ ಕಚ್ಚಿಕೊಂಡು ನಿಂತ.

ಲೊರೇನ್ ಇಪ್ಪತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ನಿಂತಿದ್ದು, ಹೆಣದ ಪಕ್ಕ ನೆಲಕ್ಕೆ ಕೂತಳು. ಬರೆದುಕೊಟ್ಟದ್ದು ಮುಗಿದಿತ್ತು. ಸ್ವಂತ ಮಾತು ಶುರುವಾಯಿತು.

"ಫ್ರಿಜ್ಜಿನ ಬಾಗಿಲು ಸರಿ ಮಾಡ್ತೀನಿ ಅಂದಿದ್ದೆ," ಎಂದಳು ಹೆಣಕ್ಕೆ. "ಭಾನುವಾರ ಮಾಡ್ತೀನಿ ಅಂದೆ. ಎಷ್ಟು ಭಾನುವಾರ ಹೋಯ್ತು? ನಾನು ಅದಕ್ಕೊಂದು ಕುರ್ಚಿ ಒತ್ತಿ ಇಡ್ತಾ ಇದೀನಿ. ಇನ್ನು ಜೀವಮಾನವೆಲ್ಲಾ ಕುರ್ಚಿನೇ ನನಗೆ."

ಹೆಣ ಅಲ್ಲಾಡಲಿಲ್ಲ. ಅವಳು ಅದರ ಕಾಲರ್ ಸರಿ ಮಾಡಿದಳು. ಏನಾದರೂ ಮಾಡುತ್ತಿರಬೇಕಲ್ಲ ಎಂದು ಒಂದು ಬೂಟು ಬಿಚ್ಚಿದಳು. ಕಂದು ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಬಂದಿತ್ತು. ಅವಳು ಒಂದು ಕ್ಷಣ ಅದನ್ನೇ ನೋಡಿ, ಬೆರಳನ್ನು ಮೆಲ್ಲಗೆ ಒಳಗೆ ತಳ್ಳಿದಳು. ಅದು ಮತ್ತೆ ಹೊರಗೆ ಬಂತು. ಮತ್ತೆ ತಳ್ಳಿದಳು. ಆಗ ಅವಳಿಗೆ ಅಳು ಬಂತು. ದುಃಖಕ್ಕೋ ನಗು ತಡೆದದ್ದಕ್ಕೋ ಅವಳೇ ಹೇಳಲಾರಳು.

ಚೆಟ್ ಟೋಪಿ ತೆಗೆದ. ಅದಾದ ಮೇಲೆ ಮಾಡಲು ಏನೂ ಉಳಿಯಲಿಲ್ಲ. ಅವನು ಅಂಥ ದೊಡ್ಡ ನಟನಲ್ಲ. ಪಕ್ಕದ ಪೆಟ್ಟಿಗೆಯಲ್ಲಿ ಶೋಭೆಗೆ ಇಟ್ಟ ಕಿತ್ತಳೆ ಇತ್ತು. ಒಂದನ್ನು ತೆಗೆದು, ಇಡೀ ಸಿಪ್ಪೆಯನ್ನು ಒಂದೇ ಎಳೆಯಾಗಿ ಸುಲಿದು, ಅರ್ಧವನ್ನು ಲೊರೇನಳಿಗೆ ಕೊಟ್ಟ. ಅವಳು ತೆಗೆದುಕೊಂಡಳು. ಇಬ್ಬರೂ ಹೆಣದ ಪಕ್ಕ ಕೂತು ಕಿತ್ತಳೆ ತಿಂದರು. ಒಂದು ಬೀಜ ಹೆಣದ ಕೆನ್ನೆಯ ಮೇಲೆ ಬಿತ್ತು. ಹೆಣಕ್ಕೆ ಅದರ ಪರಿವೆಯೂ ಇರಲಿಲ್ಲ.

ಆಗ ತನ್ನ ತಲೆಯಲ್ಲಿ ಏನಿತ್ತು ಎಂಬುದನ್ನು ಮಿಹ್ರಾನ್ ಮುಂದೆ ಎಷ್ಟೋ ವರ್ಷ, ಬರ್ಬ್ಯಾಂಕಿನ ತಿಂಡಿ ಹೋಟೆಲಿನ ಮೂಲೆ ಮೇಜಿನಲ್ಲಿ ಕೂತು, ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ.

"ಈ ಹುಡುಗಿ ಎಷ್ಟು ಚೆನ್ನಾಗಿ ಮಾಡ್ತಿದಾಳಪ್ಪಾ ಅಂದ್ಕೊಂಡೆ. ಬೇರೆ ನಿರ್ದೇಶಕ ಆಗಿದ್ರೆ ಇಷ್ಟೊತ್ತಿಗೆ ಕಟ್ ಅಂತಿದ್ದ. ಇವನ್ಯಾರೋ ದೊಡ್ಡ ಮನುಷ್ಯ, ತಾಳ್ಮೆ ಇರೋನು. ಇಂಥವನ ಕೈಕೆಳಗೆ ಒಂದ್ಸಲಾನೂ ಕೆಲಸ ಮಾಡಿರ್ಲಿಲ್ವಲ್ಲ ಅಂತ ಒಂಬತ್ತು ನಿಮಿಷ ಮನಸ್ಸಲ್ಲೇ ಅವನನ್ನ ಹೊಗಳ್ದೆ."

ಕೊನೆಗೆ ಕ್ಯಾಮೆರಾದೊಳಗೆ ಫಿಲ್ಮಿನ ಬಾಲ ಪಟಪಟ ಬಡಿಯಿತು. "ಸುರುಳಿ ಮುಗೀತು," ಎಂದ ಛಾಯಾಗ್ರಾಹಕ. ಮಿಹ್ರಾನ್ ಆಗಲೂ ಏಳಲಿಲ್ಲ. ಅದು ಕಟ್ ಅಲ್ಲ.

ಬಡ್ ಮಂಡಿಯೂರಿ ಅವನ ಕಿವಿಯ ಹತ್ತಿರ ಬಗ್ಗಿದ. "ಬಾಸ್, ನಿರ್ದೇಶಕ್ರು ನೀವೇ."

ಆಮೇಲೆ ಹೆಣ ಕಣ್ಣು ಮುಚ್ಚಿಕೊಂಡೇ, ತುಟಿ ಅಲುಗಿಸದೆ, "ಕಟ್" ಎಂದಿತು.

ಐದು ಗಂಟೆ ಐವತ್ತೆಂಟು ನಿಮಿಷ. ಇನ್ನೆರಡು ಶಾಟು ಉಳಿದಿದ್ದವು, ಕ್ಯಾಮೆರಾ ಖಾಲಿ. ಬಾಗಿಲಲ್ಲಿ ಮಾರ್ಟಿ ಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದ.

"ಮುಗೀತಾ?"

ಮಿಹ್ರಾನ್ ಒಂದು ಕಾಲಿಗೆ ಬೂಟಿಲ್ಲದೆ ಎದ್ದು ನಿಂತ. ಸುಳ್ಳು ಹೇಳಲು ಬಾಯಿ ತೆರೆದ, ಬರಲಿಲ್ಲ. ಬಡ್ ನಡುವೆ ಬಂದ.

"ಮುಗೀತು. ಎಲ್ಲಾ ಒಂದೇ ಶಾಟ್‌ನಲ್ಲಿ ತೆಗೆದ್ರು."

"ಒಂದೇ ಶಾಟಾ? ಎಷ್ಟುದ್ದ?"

"ಉದ್ದಾನೇ ಇದೆ," ಎಂದ ಬಡ್.

ಮರುದಿನ ಸಣ್ಣ ಕೋಣೆಯಲ್ಲಿ ಮಾರ್ಟಿ ಅದನ್ನು ನೋಡಿದ. ಮಿಹ್ರಾನ್ ಹಿಂದಿನ ಸಾಲಿನಲ್ಲಿದ್ದ. ಆರನೇ ನಿಮಿಷಕ್ಕೆ ಮಾರ್ಟಿ ಕತ್ತಲಲ್ಲೇ ಕೇಳಿದ, "ಯಾಕೆ ಕಿತ್ತಳೆ ತಿಂತಿದಾರೆ?" ಎಂಟನೇ ನಿಮಿಷಕ್ಕೆ ಎರಡು ಮಾತ್ರೆ ಜಗಿದ. ದೀಪ ಹತ್ತಿದಾಗ, "ಇನ್ನೊಬ್ಬನನ್ನ ಕರೆಸ್ತೀನಿ. ಆ ಎರಡು ಶಾಟು ಬೇಕೇ ಬೇಕು. ಮಾತು ಮಾತೇ ಮಿಹ್ರಾನ್," ಎಂದ.

ಮಿಹ್ರಾನ್ ತಲೆಯಾಡಿಸಿದ. ಚರ್ಚಿನ ಹೆಂಗಸರಿಗೆ ತಾಯಿ ಏನು ಹೇಳಬೇಕು ಎಂಬುದೊಂದೇ ಅವನ ಯೋಚನೆ.

ಆಗ ಸಂಕಲನ ಮಾಡುತ್ತಿದ್ದ ರೂತ್ ಸ್ವೊಬೊಡಾ, ಕೊರಳಿಗೆ ಫಿಲ್ಮಿನ ತುಂಡುಗಳನ್ನು ಹಾರದಂತೆ ಹಾಕಿಕೊಂಡಿದ್ದ ಹೆಂಗಸು, ಬಾಗಿಲಿಂದ ಇಣುಕಿದಳು. ಅವಳು ಆವರೆಗಿನ ಆರು ದಿನದ್ದನ್ನೆಲ್ಲ ಆಗಲೇ ಜೋಡಿಸಿ ನೋಡಿದ್ದಳು.

"ಮಾರ್ಟಿ, ಟೀವಿಯವರು ಕೊಟ್ಟಿರೋ ಹೊತ್ತಿಗೆ ಕಂತು ಗಿಡ್ಡ ಆಗಿದೆ."

"ಎಷ್ಟು?"

"ನಾಲ್ಕು ನಿಮಿಷ ಹತ್ತು ಸೆಕೆಂಡು. ಈ ಮನುಷ್ಯ ಎಲ್ಲರ ಕೈಲೂ ರೈಲು ಹಿಡಿಯೋರ ಥರ ಮಾತಾಡ್ಸಿದಾನೆ. ಆ ಎರಡು ಶಾಟು ತೆಗೆದ್ರೂ ನಿಮಗೆ ಸಿಗೋದು ಮೂವತ್ತು ಸೆಕೆಂಡು. ಉಳಿದಿದ್ದಕ್ಕೆ ಹೊಸ ದೃಶ್ಯ ಬರೆಸಿ, ಇನ್ನೆರಡು ದಿನ ಶೂಟಿಂಗ್ ಮಾಡಿ. ಇಲ್ಲಾಂದ್ರೆ..." ಅವಳು ಪರದೆಯ ಕಡೆ ಗದ್ದ ಆಡಿಸಿದಳು. "ಕಿತ್ತಳೆ ಇದೆ."

ಮಾರ್ಟಿ ಇನ್ನೊಂದು ಮಾತ್ರೆ ಜಗಿದ. "ಕಿತ್ತಳೆ ಇರ್ಲಿ," ಎಂದ. ಬಾಗಿಲ ಹತ್ತಿರ ಹೋಗಿ ತಿರುಗಿ, "ಆ ಬೆರಳೂ ಇರ್ಲಿ," ಎಂದ.

ಮಿಹ್ರಾನ್ ಆಮೇಲೆ ಹದಿನಾಲ್ಕು ವರ್ಷದಲ್ಲಿ ಅರವತ್ತೊಂದು ಕಂತು ನಿರ್ದೇಶಿಸಿದ. ಅವನ ಕರಾರಿನಲ್ಲಿ ಮಾರ್ಟಿ ಸ್ವಂತ ಕೈಯಿಂದ ಬರೆದ ಒಂದು ಸಾಲಿತ್ತು: ನಿರ್ದೇಶಕರು ಚಿತ್ರೀಕರಣದ ವೇಳೆ ಮಲಗತಕ್ಕದ್ದಲ್ಲ. ಡಬ್ಬಿಯ ಚೀಟಿಗಳು ನೂರ ಮೂವತ್ತೆಂಟಕ್ಕೇ ನಿಂತವು. ಕೊನೆಯ ಚೀಟಿಯಲ್ಲಿ, ಯಾರು ಕೊಂದರು ಎಂಬ ಜಾಗದಲ್ಲಿ, 'ನಾನೇ' ಎಂದಿದೆ.

ಆದರೆ ಆ ಕಂತು ಟೀವಿಯಲ್ಲಿ ಬಂದ ಬುಧವಾರಕ್ಕೆ ಬರೋಣ. 1978ರ ಫೆಬ್ರವರಿ, ಸಂಜೆ ಎಂಟು ಗಂಟೆ. ಫ್ರೆಸ್ನೊದ ಸಣ್ಣ ಮನೆಯಲ್ಲಿ ಹದಿನೇಳು ಜನ. ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನದ ಕಡುಬು ಎರಡು ತಟ್ಟೆ. ಸಿರ್ವಾರ್ಡ್ ತನ್ನ ಹಲ್ಲಿನ ಡಾಕ್ಟರ್ ಮಗನನ್ನೂ ಸಾಕ್ಷಿಗೆ ಕರೆತಂದಿದ್ದಳು. ಎಪ್ಪತ್ತೆಂಟರ ಅರಾಕ್ಸಿಯ ಕುರ್ಚಿ ಟೀವಿಯಿಂದ ಒಂದು ಗೇಣು ದೂರ. ಮಿಹ್ರಾನ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

ನಾಯಕನ ಹೆಸರು ಬಂತು. ಬರೆದವರದ್ದು ಬಂತು. ಮಾರ್ಟಿಯದ್ದು ಬಂತು. ಆಮೇಲೆ ನೀಲಿ ಸಮುದ್ರದ ಮೇಲೆ ಬಿಳಿ ಅಕ್ಷರಗಳಲ್ಲಿ ಅವನ ಹೆಸರು, ಒಂಟಿಯಾಗಿ. ಅರಾಕ್ಸಿ ಗಾಜಿನ ಮೇಲೆ ಬೆರಳಿಟ್ಟು, ಅಕ್ಷರ ಅಕ್ಷರವಾಗಿ, ಜೋರಾಗಿ ಓದಿದಳು. ಪೂರ್ತಿ ಓದಿದಳು. ಓದಿ ಮುಗಿದ ಮೇಲೂ ಅದು ಇನ್ನೂ ಅಲ್ಲಿತ್ತು. ತಿರುಗಿ ಸಿರ್ವಾರ್ಡ್ ಕಡೆ ನೋಡಿದಳು.

"ಕೆಲ್ಲಿನಾ?"

"ಸರಿ ಮಾರಾಯ್ತಿ," ಎಂದಳು ಸಿರ್ವಾರ್ಡ್. "ಆದ್ರೆ ಅವನ ಕೆಲ್ಸ ಏನು ಅಲ್ಲಿ?"

"ಯಾರು ಯಾವಾಗ ಸಾಯ್ಬೇಕು ಅಂತ ಹೇಳೋದು."

ಐವತ್ತು ನಿಮಿಷ ಅವಳು ರಾಣಿಯಂತೆ ಕೂತಿದ್ದಳು. ಕೊನೆಯ ದೃಶ್ಯ ಬಂತು. ಉಗ್ರಾಣ, ನೆಲದ ಮೇಲೆ ಮುಖ ತಿರುಗಿಸಿ ಮಲಗಿದ ಕೂಲಿ. ಅಯೋವಾದ ಹೆಂಗಸಿಗೆ ಗುರುತು ಸಿಗದಿರಬಹುದು. ಅರಾಕ್ಸಿಗೆ ಬೆನ್ನು ಸಾಕಾಯಿತು.

"ಅಯ್ಯೋ, ಮತ್ತೆ ಸತ್ತಿದೀಯಲ್ಲೋ!"

"ಅಮ್ಮಾ, ಅದು..."

"ಸುಮ್ನಿರು. ಅವಳು ಮಾತಾಡ್ತಿದಾಳೆ."

ಲೊರೇನ್ ಫ್ರಿಜ್ಜಿನ ಬಾಗಿಲಿನ ಮಾತಾಡಿದಳು. ಕೋಣೆಯಲ್ಲಿ ಮೂವರು ಹೆಂಗಸರು ಮೂಗು ಒರೆಸಿಕೊಂಡರು. ಬೂಟು ಬಿಚ್ಚಿದಳು. ಬೆರಳು ಹೊರಗೆ ಬಂತು, ಒಳಗೆ ಹೋಯಿತು, ಮತ್ತೆ ಬಂತು. ಸಿರ್ವಾರ್ಡ್ ಗಟ್ಟಿಯಾಗಿ ಅಳತೊಡಗಿದಳು. ಅರಾಕ್ಸಿ ಅಳಲಿಲ್ಲ. ಮುಂದಕ್ಕೆ ಬಗ್ಗಿ, ಕನ್ನಡಕ ಸರಿಪಡಿಸಿಕೊಂಡು, ಪರದೆಯನ್ನೇ ನೋಡುತ್ತಿದ್ದಳು.

ಪಟ್ಟಿ ಓಡಿ ಮುಗಿಯಿತು. ಎಲ್ಲರೂ ಎದ್ದು ಮಿಹ್ರಾನನ ಕೈ ಕುಲುಕಿದರು, ಕೆನ್ನೆಗೆ ಮುತ್ತಿಟ್ಟರು. ಡಾಕ್ಟರು ಕೂಡ ಭುಜ ತಟ್ಟಿದ. ತಾಯಿ ಕುರ್ಚಿಯಿಂದ ಏಳಲಿಲ್ಲ.

"ಅದು ನಾನು ಹೆಣೆದಿದ್ದು ತಾನೆ?" ಎಂದಳು.

"ಹೌದಮ್ಮಾ."

"ಇಡೀ ದೇಶಕ್ಕೆ ನಿನ್ನ ಹೆಸರು ತೋರ್ಸಿ, ಅದರ ಹಿಂದೇನೇ ನನ್ನ ಕಾಲುಚೀಲದ ತೂತೂ ತೋರಿಸ್ದೆ."

"ಅಮ್ಮಾ, ಅದರಿಂದಲೇ ಹೆಸರು ಉಳೀತು."

ಅವಳು ಕುರ್ಚಿಯ ಪಕ್ಕದ ಬುಟ್ಟಿಯಿಂದ ಸೂಜಿಯನ್ನೂ ಕಂದು ಉಣ್ಣೆಯ ಉಂಡೆಯನ್ನೂ ತೆಗೆದು, ಎಲ್ಲರ ಎದುರಿಗೇ ಕೈ ಚಾಚಿದಳು.

"ಬಿಚ್ಚು ಇಲ್ಲಿ."

ಹಲ್ಲಿನ ಡಾಕ್ಟರು ನೋಡುತ್ತಿದ್ದಂತೆ ನಿರ್ದೇಶಕ ಮಿಹ್ರಾನ್ ಕಲ್ಪಾಕ್ಯಾನ್ ಬಗ್ಗಿ ಬೂಟಿನ ದಾರ ಬಿಚ್ಚಿದ. ಇವತ್ತು ಹಾಕಿದ್ದೂ ಅದೇ ಜೊತೆ.